ಇಪ್ಪತ್ತಮೂರನೇ ಡ್ರಾಯರು

ನನ್ನ ಕೆಲಸ ಚೀಟಿ ಬರೆಯುವುದು.
ಉಗುರಿನಗಲ ಕಾಗದ, ಅದರ ಮೇಲೆ ದ್ವೀಪದ ಹೆಸರು,
ಎತ್ತರ, ತಾರೀಕು, ಹಿಡಿದವರು ಯಾರು.
ಸೂಜಿಗೆ ರಟ್ಟಿನ ತ್ರಿಕೋನ, ತ್ರಿಕೋನದ ತುದಿಗೆ ಅಂಟು,
ಅಂಟಿನ ಮೇಲೆ ಒಂದು ಇರುವೆ.
ಕೋಟೆಯ ಈ ಕಲ್ಲು ಕಟ್ಟಡದ ಮೂರನೇ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ಇದೇ.
ನುಸಿಗುಳಿಗೆಯ ವಾಸನೆ ಸೀರೆ ಬಿಡುವುದಿಲ್ಲ;
ಲೋಕಲ್ಲಿನಲ್ಲಿ ಹೆಂಗಸರು ಸ್ವಲ್ಪ ಸರಿದು ಕೂರುತ್ತಾರೆ,
ಅದೊಂದು ಲಾಭ.

ಫ್ರೇನಿ ಬಾಯಿ ಹೇಳಿಕೊಟ್ಟದ್ದು, ಕನ್ನಡಕ ಹಣೆಗೇರಿಸಿ:
ಮೊದಲು ಬರುವವರು ದಂಡೆಯವರು.
ತೇಲುವ ಕೊರಡಿನ ತೊಗಟೆಯೊಳಗೆ,
ಇಲ್ಲವೇ ಬಿರುಗಾಳಿ ಎತ್ತಿ ತಂದ ಒಬ್ಬಳೇ ರಾಣಿ
ಉಪ್ಪು ಮರಳಿಗೆ ಬೀಳುತ್ತಾಳೆ.
ಬಿದ್ದವಳು ಮೊದಲು ಮಾಡುವುದೇನು ಗೊತ್ತೆ?
ತನ್ನ ರೆಕ್ಕೆ ತಾನೇ ಕಿತ್ತು ಹಾಕುವುದು.
ಹಾರುವ ಸ್ನಾಯು ಕರಗಿ
ಮೊದಲ ಮಕ್ಕಳಿಗೆ ಊಟವಾಗುತ್ತದೆ.

ಆಮೇಲೆ ಆತುರವಿಲ್ಲ.
ಏನು ಸಿಕ್ಕರೂ ತಿನ್ನುವವರು, ಎಲ್ಲೆಂದರಲ್ಲಿ ಮಲಗುವವರು
ದಂಡೆಯ ಕಳೆಯಿಂದ ಕುರುಚಲಿಗೆ, ಕುರುಚಲಿಂದ ಕಾಡಿಗೆ,
ಕಾಡಿನಿಂದ ಮಂಜಿನ ಗುಡ್ಡದ ನೆತ್ತಿಗೆ,
ಸಾವಿರ ವರ್ಷಕ್ಕೆ ಒಂದು ಹೆಜ್ಜೆ ಎಂದಿಟ್ಟುಕೊಳ್ಳಿ.
ಒಳಹೋದಷ್ಟೂ ನಾಲಗೆ ಕಿರಿದು:
ಒಂದೇ ಬಗೆಯ ಕೊಳೆತ ಮರ, ಒಂದೇ ಬಗೆಯ ಹುಳ.
ಸೊಂಟಕ್ಕೊಂದು ಮುಳ್ಳು ಹೆಚ್ಚು, ಕಣ್ಣು ಕಡಿಮೆ;
ಕೊನೆಗೆ ರಾಣಿಗೂ ರೆಕ್ಕೆ ಮೂಡುವುದಿಲ್ಲ.
ಪಕ್ಕದ ದ್ವೀಪದ ಅಕ್ಕನ ಮೊಮ್ಮಕ್ಕಳು ಎದುರಾದರೆ
ಮೀಸೆ ತಾಗಿಸಿ, ಯಾರಿವರು ಅನ್ನುತ್ತಾರೆ.
ಅಷ್ಟರಲ್ಲಿ ದಂಡೆಗೆ ಇನ್ನೊಂದು ಕೊರಡು ಬಂದಿರುತ್ತದೆ.

ನಮ್ಮ ಮನೆಯಲ್ಲೊಂದು ಕನ್ನಡವಿದೆ,
ಪರೇಲಿನ ಚಾಳಿನಲ್ಲಿ, ಆಡುವವರು ನಾಲ್ಕೇ ಜನ.
ಹಳಿಯಾಳದ ಅಜ್ಜಿಗೆ ಬರೀ ಇರುವೆ ಅನ್ನುವುದೇ ಇರಲಿಲ್ಲ:
ಗೊದ್ದ, ಕೆಂಜಿಗ, ಕಟ್ಟಿರುವೆ, ಚಗಳಿ,
ಕಚ್ಚುವ ಬಗೆಗೊಂದು ಹೆಸರು.
ಅಮ್ಮನಿಗೆ ಎರಡು ಉಳಿದವು, ಕಪ್ಪು, ಕೆಂಪು.
ನನಗೆ ಲ್ಯಾಟಿನ್ನಿನಲ್ಲಿ ಮುನ್ನೂರು, ಕನ್ನಡದಲ್ಲಿ ಒಂದು.
ಮಗಳು ಸಕ್ಕರೆ ಡಬ್ಬಿ ತೆರೆದು ಕೂಗುತ್ತಾಳೆ:
“ಆಯೀ, ಮುಂಗಿ ಹತ್ಯಾವ, ಉನ್ಹದಾಗ ಇಡ್ಲೇನ?”
ನಗು ಬರುತ್ತದೆ. ಈ ವಾಕ್ಯ
ಬೇರೆ ಯಾವ ದಂಡೆಯಲ್ಲೂ ಹುಟ್ಟಲಾರದು.

ಕಚೇರಿಯ ಗೋಡೆಯ ಮೇಲೆ ಹಳೆಯ ನಕಾಶೆ:
ಏಳು ದ್ವೀಪ, ನಡುವೆ ಕೆಸರು, ಭರತ ಬಂದರೆ ದೋಣಿ.
ಈಗ ಮಾಹೀಮಿನಿಂದ ಮಜಗಾಂವಿಗೆ ಬಸ್ಸು.
ಗುಡ್ಡ ಒಡೆದು ಕಡಲಿಗೆ ತುಂಬಿದ ಕಾಲಕ್ಕೆ
ವರಳಿಯ ಇರುವೆಯೂ ಪರೇಲಿನ ಇರುವೆಯೂ
ಮೊದಲ ಸಲ ಮುಖಾಮುಖಿಯಾಗಿರಬೇಕು.
ಯಾರೂ ಚೀಟಿ ಬರೆಯಲಿಲ್ಲ.

ಜುಲೈಯ ಒಂದು ಗುರುವಾರ
ಇಪ್ಪತ್ತಮೂರನೇ ಡ್ರಾಯರು ಎಳೆದೆ.
ಗುಡ್ಡದ ನೆತ್ತಿಯವಳು, ರೆಕ್ಕೆಯಿಲ್ಲದ ರಾಣಿ,
ಲೋಕಕ್ಕೆಲ್ಲ ಅದೊಂದೇ ಮಾದರಿ.
ಸೂಜಿಯಿತ್ತು, ಚೀಟಿಯಿತ್ತು,
ಅಂಟಿನ ಮೇಲೆ ಒಂದು ಕಾಲಿತ್ತು.
ಮೂಲೆಯ ಬಿರುಕಿನಿಂದ ಜೇನುಬಣ್ಣದ ಸಾಲು,
ಎಳ್ಳಿಗಿಂತ ಸಣ್ಣ.
ಯಾವುದೋ ಬಂದರಿನ ಪಾರ್ಸೆಲ್ಲಿನ
ರಟ್ಟಿನ ಮಡಿಕೆಯಲ್ಲಿ ಬಂದವು,
ಈಗ ನಮ್ಮ ಸ್ವಿಚ್ಚುಬೋರ್ಡಿನ ಹಿಂದೆ ಸಂಸಾರ.
ಅವಳ ತಲೆಯನ್ನು ಮೂರು ಸೇರಿ ಹೊತ್ತು ನಡೆದಿದ್ದವು.

ಫ್ರೇನಿ ಬಾಯಿ ಅಳಲಿಲ್ಲ.
ಇವೂ ದಂಡೆಯವೇ, ಹೊಸಬರು,
ಎಂದರು ತಮ್ಮ ಪಾರ್ಸಿ ಹಿಂದಿಯಲ್ಲಿ.
ಚಹಾ ತರಿಸಿದರು. ಕುಡಿಯಲಿಲ್ಲ.

ಔಷಧಿ ಹೊಡೆಯುವವನು ಬರುವ ಮುಂಚೆ
ಸಾಲಿನಿಂದ ಒಂದನ್ನು ಹಿಡಿದೆ. ಸ್ಪಿರಿಟ್ಟು, ಅಂಟು, ಸೂಜಿ.
ಎತ್ತರ: ಮೂರನೇ ಮಹಡಿ.
ಹಿಡಿದವರು: ಸುಗಲಾ ಪದ್ಮಣ್ಣವರ,
ಹನ್ನೊಂದು ವರ್ಷದಲ್ಲಿ ಮೊದಲ ಸಲ.
ದ್ವೀಪ, ಎಂಬಲ್ಲಿ ಕೈ ನಿಂತಿತು.
ಏಳರಲ್ಲಿ ಯಾವುದು?
ಖಾಲಿ ಬಿಟ್ಟೆ.

ಸಂಜೆ ಬಾಯ್ಕಳಾ ದಾಟುವಾಗ
ಟಿಫಿನ್ ಚೀಲದ ಹೊಲಿಗೆಯಿಂದ ಒಂದು ಹೊರಬಂದು
ಮೀಸೆ ಆಡಿಸಿ ಗಾಳಿ ನೋಡಿತು.
ಪಕ್ಕದವಳು ಕೊಡವಲು ಕೈಯೆತ್ತಿದಳು.
ಇರಲಿ ಅಂದೆ, ನಾವು ಪರೇಲಿಗೆ.